ಬಾಗಿಲಾಚೆ ನಿಂತ ಕ್ಯಾಮೆರಾ

ಹೊರಗೆ ಮಳೆ. ಅರವತ್ತರ ಆಸುಪಾಸಿನ ಹೆಂಗಸೊಬ್ಬಳು ಬಾರೊಂದರ ಬಾಗಿಲು ತಳ್ಳಿ ಒಳಗೆ ಬರುತ್ತಾಳೆ. ಆ ದಾರಿಯಲ್ಲಿ ಓಡಾಡುವಾಗಲೆಲ್ಲ ಒಳಗಿನಿಂದ ಪರದೇಶದ ಹಾಡು ಕೇಳುತ್ತಿತ್ತು, ಇವತ್ತು ಮಳೆಯ ನೆಪದಲ್ಲಿ ಕಾಲಿಟ್ಟಿದ್ದಾಳೆ. ಕೋಣೆಯ ಆಚೆ ತುದಿಯಲ್ಲಿ ಕೌಂಟರಿಗೆ ಒರಗಿ ನಿಂತವರೆಲ್ಲ ಒಮ್ಮೆಲೇ ತಿರುಗಿ ನೋಡುತ್ತಾರೆ. ಯಾರೂ ಮಾತಾಡುವುದಿಲ್ಲ, ಕೈಕಾಲು ಅಲ್ಲಾಡಿಸುವುದಿಲ್ಲ. ಅವರ ಕಡೆಯಿಂದ ನೋಡಿದರೆ ಉದ್ದಕ್ಕೆ ಖಾಲಿ ಬಿದ್ದ ನೆಲ, ಅದರ ಕೊನೆಯಲ್ಲಿ ಬಾಗಿಲ ಹತ್ತಿರದ ಮೇಜಿಗೆ ಅಂಟಿಕೊಂಡು ಕೂತ ಒಂದು ಪುಟ್ಟ ಆಕೃತಿ. ಅವಳ ಕಡೆಯಿಂದ ನೋಡಿದರೆ ಗೋಡೆಯಂತೆ ಸಾಲಾಗಿ ನಿಂತ ಮುಖಗಳು. ಏನು ಬೇಕೆಂದು ಕೇಳಿದಾಗ ಅವಳು ಒಂದು ಕೋಲಾ ಹೇಳುತ್ತಾಳೆ.

1974ರಲ್ಲಿ ತೆರೆಕಂಡ ಜರ್ಮನ್ ಚಿತ್ರ 'ಆಂಗ್ಸ್ಟ್ ಎಸ್ಸೆನ್ ಝೇಲೆ ಆಉಫ್' ಶುರುವಾಗುವುದು ಹೀಗೆ. ಇಂಗ್ಲಿಷ್ ಬಲ್ಲ ಜಗತ್ತು ಇದನ್ನು 'ಆಲಿ: ಫಿಯರ್ ಈಟ್ಸ್ ದ ಸೋಲ್' ಎಂದು ಕರೆಯುತ್ತದೆ. ನಿರ್ದೇಶಕ ರೈನರ್ ವೆರ್ನರ್ ಫಾಸ್‌ಬೈಂಡರ್‌ಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ಹೊರಗಿನವರ ಬಗ್ಗೆ ಬಂದ ಸಿನಿಮಾಗಳಲ್ಲಿ ನಾನು ಮತ್ತೆ ಮತ್ತೆ ಮರಳುವುದು ಇದಕ್ಕೆ. ಅದಕ್ಕೆ ಕಾರಣ ಕತೆಯಲ್ಲ, ಕ್ಯಾಮೆರಾ ಎಲ್ಲಿ ನಿಂತಿದೆ ಎಂಬುದು.

ಮೊದಲ ದೃಶ್ಯವನ್ನೇ ಇನ್ನೊಮ್ಮೆ ನೋಡಿ. ಆ ಬಾರಿಗೆ ಬರುವವರಲ್ಲಿ ಹೆಚ್ಚಿನವರು ಅರಬ್ ಕಾರ್ಮಿಕರು. ಒಳಗೆ ಬಂದ ಎಮ್ಮಿ ಜರ್ಮನ್ ಹೆಂಗಸು. ಊರು ಅವಳದು, ಭಾಷೆ ಅವಳದು, ಹೊರಗಿನ ಬೀದಿ ಅವಳದು. ಆದರೂ ಈ ಕೋಣೆಯಲ್ಲಿ ಅವಳೇ ಪರಕೀಯಳು. ಚಿತ್ರದ ಮೊದಲ ಕೆಲವೇ ನಿಮಿಷಗಳಲ್ಲಿ ಫಾಸ್‌ಬೈಂಡರ್ ತನ್ನ ಮಾತನ್ನು ಸಂಭಾಷಣೆಯ ಹಂಗಿಲ್ಲದೆ ಹೇಳಿಬಿಡುತ್ತಾನೆ: ಹೊರಗಿನವನಾಗುವುದು ಮೈಬಣ್ಣದಿಂದಲ್ಲ, ಪಾಸ್‌ಪೋರ್ಟಿನಿಂದಲೂ ಅಲ್ಲ. ಒಂದಿಷ್ಟು ಕಣ್ಣುಗಳು ಒಟ್ಟಾಗಿ ಒಬ್ಬರ ಮೇಲೆ ನಿಂತರೆ ಸಾಕು.

ಕತೆ ಸರಳ. ಎಮ್ಮಿ ನೆಲ ಒರೆಸುವ, ಕಸ ಗುಡಿಸುವ ಕೆಲಸ ಮಾಡುವ ವಿಧವೆ. ಮಕ್ಕಳು ದೊಡ್ಡವರಾಗಿ ಅವರವರ ಮನೆ ಮಾಡಿಕೊಂಡಿದ್ದಾರೆ. ಆಲಿ ಮೊರಾಕ್ಕೊ ದೇಶದಿಂದ ಬಂದ ಗ್ಯಾರೇಜ್ ಮೆಕ್ಯಾನಿಕ್, ಅವಳಿಗಿಂತ ಇಪ್ಪತ್ತು ವರ್ಷಕ್ಕೂ ಹೆಚ್ಚು ಚಿಕ್ಕವನು. ಬಾರಿನಲ್ಲಿ ಯಾರೋ ಕೆಣಕಿದರೆಂದು ಆಲಿ ಮುದುಕಿಯನ್ನು ಕುಣಿಯಲು ಕರೆಯುತ್ತಾನೆ. ಅವಳು ಎದ್ದು ಬರುತ್ತಾಳೆ. ಆ ರಾತ್ರಿ ಮನೆತನಕ ಬಿಟ್ಟುಬರಲು ಹೋದವನು ಅಲ್ಲೇ ಉಳಿಯುತ್ತಾನೆ. ಕೆಲ ದಿನಗಳಲ್ಲಿ ಇಬ್ಬರೂ ಮದುವೆಯಾಗುತ್ತಾರೆ. ಅಂದಹಾಗೆ ಅವನ ಹೆಸರು ಆಲಿಯೇ ಅಲ್ಲ. ಉದ್ದನೆಯ ಅರಬ್ಬೀ ಹೆಸರೊಂದು ಅವನಿಗಿದೆ. ಅದನ್ನು ಉಚ್ಚರಿಸುವ ಗೋಜು ಯಾರಿಗೂ ಬೇಡವಾಗಿ, ಅವನಂಥವರಿಗೆಲ್ಲ 'ಆಲಿ' ಎಂದೇ ಹೆಸರು ಬಿದ್ದಿದೆ.

ಚಿತ್ರದ ಹೆಸರಿನ ಬಗ್ಗೆಯೂ ಒಂದು ಮಾತು. ಅದು ಮುರಿದ ಜರ್ಮನ್. ಕ್ರಿಯಾಪದ ಕರ್ತೃವಿಗೆ ಹೊಂದುವುದಿಲ್ಲ, ಇರಬೇಕಾದ ಒಂದು ಪುಟ್ಟ ಪದ ಬಿಟ್ಟುಹೋಗಿದೆ. ಕನ್ನಡದಲ್ಲಿ 'ಭಯ ಜೀವ ತಿಂದುಹಾಕು' ಎಂದು ಯಾರಾದರೂ ತೊದಲಿದರೆ ಹೇಗಿರುತ್ತದೋ ಹಾಗೆ. ಆಲಿ ಎಮ್ಮಿಗೆ ಹೇಳುವ ಮಾತು ಅದು, ಅವನ ಊರಿನ ಕಡೆಯ ನಾಣ್ನುಡಿ. ಜರ್ಮನ್ ಪ್ರೇಕ್ಷಕ ಟಿಕೆಟ್ ಕೊಳ್ಳಬೇಕಾದರೆ ವಲಸಿಗನ ಆ ತಪ್ಪು ವ್ಯಾಕರಣವನ್ನು ತನ್ನ ಬಾಯಲ್ಲೇ ಹೇಳಬೇಕಿತ್ತು.

ಹಿನ್ನೆಲೆಯನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. ಯುದ್ಧಾನಂತರದ ಪಶ್ಚಿಮ ಜರ್ಮನಿಯ ಕಾರ್ಖಾನೆಗಳಿಗೆ ಕೈಗಳು ಸಾಲದಾದಾಗ ಸರ್ಕಾರ 1955ರಲ್ಲಿ ಇಟಲಿಯೊಂದಿಗೆ, 1961ರಲ್ಲಿ ಟರ್ಕಿಯೊಂದಿಗೆ, 1963ರಲ್ಲಿ ಮೊರಾಕ್ಕೊದೊಂದಿಗೆ, 1968ರಲ್ಲಿ ಯುಗೊಸ್ಲಾವಿಯಾದೊಂದಿಗೆ ಒಪ್ಪಂದ ಮಾಡಿಕೊಂಡು ಕಾರ್ಮಿಕರನ್ನು ಕರೆಸಿಕೊಂಡಿತು. ಅವರಿಗೆ ಇಟ್ಟ ಹೆಸರು 'ಗಾಸ್ಟ್‌ಆರ್ಬೈಟರ್', ಅಂದರೆ ಅತಿಥಿ ಕಾರ್ಮಿಕ. ಅತಿಥಿ ಎಂದ ಮೇಲೆ ಒಂದು ದಿನ ಎದ್ದು ಹೋಗಬೇಕು ಎಂಬ ಅರ್ಥ ಆ ಹೆಸರಿನಲ್ಲೇ ಅಡಗಿತ್ತು. 1973ರ ಹೊತ್ತಿಗೆ ಅಂಥವರು ಸುಮಾರು 26 ಲಕ್ಷ ಮಂದಿ ಇದ್ದರು. ಆ ವರ್ಷದ ನವೆಂಬರಿನಲ್ಲಿ ಹೊಸಬರ ನೇಮಕ ನಿಂತಿತು. ಅದಕ್ಕೆ ಒಂದು ವರ್ಷ ಹಿಂದೆ, 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಇಸ್ರೇಲಿ ತಂಡದವರ ಹತ್ಯೆಯಾಗಿ ಅರಬ್ ಮುಖ ಕಂಡರೆ ಸಾಕು ಅನುಮಾನಿಸುವ ಕಾಲ ಬಂದಿತ್ತು. ಫಾಸ್‌ಬೈಂಡರ್ ಅದೇ ಮ್ಯೂನಿಕ್‌ನಲ್ಲಿ, 1973ರಲ್ಲಿ, ಎರಡು ದೊಡ್ಡ ಚಿತ್ರಗಳ ನಡುವೆ ಸಿಕ್ಕ ಬಿಡುವಿನ ಸುಮಾರು ಎರಡೇ ವಾರದಲ್ಲಿ ಇದನ್ನು ಚಿತ್ರೀಕರಿಸಿದ. ಛಾಯಾಗ್ರಾಹಕ ಯೂರ್ಗೆನ್ ಯೂರ್ಗೆಸ್.

ಎರಡು ವಾರದಲ್ಲಿ ತೆಗೆದ ಚಿತ್ರದಲ್ಲಿ ಆತುರದ ಸುಳಿವೇ ಇಲ್ಲ. ಇಡೀ ಚಿತ್ರ ಬಾಗಿಲವಾಡಗಳ ಮೂಲಕ ನೋಡಿದಂತಿದೆ. ಎಮ್ಮಿ ಅಡುಗೆಮನೆಯಲ್ಲಿ ಕೂತಿದ್ದರೆ ಕ್ಯಾಮೆರಾ ಒಳಗೆ ಹೋಗುವುದಿಲ್ಲ, ಪಕ್ಕದ ಕೋಣೆಯಲ್ಲೇ ನಿಂತು ಬಾಗಿಲಿನಿಂದ ಇಣುಕುತ್ತದೆ. ಎಡಕ್ಕೂ ಬಲಕ್ಕೂ ಗೋಡೆಯ ಕಪ್ಪು, ನಡುವೆ ಒಂದು ಸೀಳಿನಷ್ಟು ಜಾಗದಲ್ಲಿ ಇಬ್ಬರು ಮನುಷ್ಯರು. ಪರದೆಯೇ ಹೆಚ್ಚುಕಮ್ಮಿ ಚೌಕಾಕಾರದ್ದು, ಅದರೊಳಗೆ ಬಾಗಿಲಿನ ಇನ್ನೊಂದು ಚೌಕ. ಮೆಟ್ಟಿಲ ಕಂಬಿಗಳು, ಕಿಟಕಿಯ ಪಟ್ಟಿಗಳು, ಕನ್ನಡಿಯ ಅಂಚು, ಎಲ್ಲವೂ ಈ ಜೋಡಿಯ ಸುತ್ತ ಗೆರೆ ಎಳೆಯುತ್ತಲೇ ಇರುತ್ತವೆ.

ಹೊಸ್ತಿಲ ಮೇಲೆ ನಿಲ್ಲಬೇಡ, ಒಳಗೆ ಬಾ ಇಲ್ಲವೇ ಆಚೆ ಹೋಗು ಎಂದು ನಮ್ಮ ಮನೆಗಳಲ್ಲಿ ಹಿರಿಯರು ಗದರುತ್ತಿದ್ದರು. ಹೊಸ್ತಿಲು ಒಳಗೂ ಅಲ್ಲ, ಹೊರಗೂ ಅಲ್ಲ. ಫಾಸ್‌ಬೈಂಡರ್‌ನ ಜನ ಬದುಕುವುದೆಲ್ಲ ಅಲ್ಲೇ. ಆಲಿ ಜರ್ಮನಿಯ ಒಳಗೆ ಬಂದಿದ್ದಾನೆ, ಆದರೆ ಬಾಗಿಲು ದಾಟಿಲ್ಲ. ಎಮ್ಮಿ ಅವನ ಕೈ ಹಿಡಿದು ಒಳಗೆ ಎಳೆದುಕೊಳ್ಳಲು ಹೋಗಿ ತಾನೂ ಅವನ ಜೊತೆ ಹೊಸ್ತಿಲಿಗೆ ಬಂದು ನಿಂತಿದ್ದಾಳೆ.

ಇದು ಎಷ್ಟು ಖಚಿತವಾಗಿ ಕೆಲಸ ಮಾಡುತ್ತದೆ ಎಂಬುದಕ್ಕೆ ಮದುವೆಯ ದಿನದ ಊಟದ ದೃಶ್ಯ ಸಾಕು. ರಿಜಿಸ್ಟ್ರಾರ್ ಕಚೇರಿಯಿಂದ ಹೊರಬಂದ ಎಮ್ಮಿ ಗಂಡನನ್ನು ಒಂದು ದುಬಾರಿ ಇಟಾಲಿಯನ್ ರೆಸ್ಟೋರೆಂಟಿಗೆ ಕರೆದೊಯ್ಯುತ್ತಾಳೆ. ಒಂದು ಕಾಲದಲ್ಲಿ ಹಿಟ್ಲರ್ ಊಟಕ್ಕೆ ಬರುತ್ತಿದ್ದ ಜಾಗ ಅದು. ಒಮ್ಮೆಯಾದರೂ ಅಲ್ಲಿ ಉಣ್ಣಬೇಕೆಂಬ ಆಸೆ ಅವಳಿಗೆ ಬಹಳ ದಿನದ್ದು. ಅದನ್ನವಳು ಯಾವ ಕೆಟ್ಟ ಉದ್ದೇಶವೂ ಇಲ್ಲದೆ, ಹಬ್ಬದ ಸಂಭ್ರಮದಲ್ಲಿ ಹೇಳುತ್ತಾಳೆ. ಅವಳ ಕಾಲದ ಎಷ್ಟೋ ಜರ್ಮನರಂತೆ ಅವಳೂ ನಾಜಿ ಪಕ್ಷದಲ್ಲಿದ್ದವಳು. ಫಾಸ್‌ಬೈಂಡರ್ ತನ್ನ ನಾಯಕಿಯನ್ನು ಪುಟಕ್ಕಿಟ್ಟ ಚಿನ್ನ ಮಾಡುವುದಿಲ್ಲ, ಆ ಇತಿಹಾಸವನ್ನು ಅವಳ ಮೈಮೇಲೆಯೇ ಬಿಡುತ್ತಾನೆ. ಊಟದ ಮೆನು ಅವಳಿಗೆ ಓದಲು ಬರುವುದಿಲ್ಲ, ಮಾಣಿ ಸೌಜನ್ಯದ ಮುಖವಾಡ ಹಾಕಿಕೊಂಡೇ ಅವಮಾನಿಸುತ್ತಾನೆ. ಆಮೇಲೆ ಕ್ಯಾಮೆರಾ ಬಾಗಿಲಾಚೆಗೆ ಸರಿದು ದೂರದಿಂದ ನೋಡುತ್ತದೆ. ಖಾಲಿ ಊಟದ ಕೋಣೆ, ಬಾಗಿಲಿನ ಚೌಕಟ್ಟು, ನಡುವೆ ಮದುವೆಯ ಉಡುಪಿನಲ್ಲಿ ಸೆಟೆದು ಕೂತ ಇಬ್ಬರು. ಗೋಡೆಗೆ ನೇತುಹಾಕಿದ ಮದುವೆಯ ಫೋಟೋದಂತೆಯೇ ಕಾಣುತ್ತದೆ. ಆ ಫೋಟೋದಲ್ಲಿ ನೆಂಟರಿಲ್ಲ.

ಇನ್ನು ನೋಟದ ವಿಷಯ. ಈ ಚಿತ್ರದಲ್ಲಿ ಜನ ಬೈಯುವುದಕ್ಕಿಂತ ಹೆಚ್ಚಾಗಿ ನೋಡುತ್ತಾರೆ. ನೆರೆಮನೆಯ ಹೆಂಗಸು ಮೆಟ್ಟಿಲಲ್ಲಿ ನಿಂತು ನೋಡುತ್ತಾಳೆ. ಅಂಗಡಿಯವನು ನೋಡುತ್ತಾನೆ. ಮಾಣಿಗಳು ಗುಂಪುಗಟ್ಟಿ ನೋಡುತ್ತಾರೆ. ಮಾಮೂಲಿ ಸಿನಿಮಾದಲ್ಲಿ ಅಂಥ ನೋಟದ ಶಾಟ್ ಒಂದೆರಡು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಫಾಸ್‌ಬೈಂಡರ್ ಕತ್ತರಿಸುವುದಿಲ್ಲ. ನಟರು ಬೊಂಬೆಗಳಂತೆ ನಿಂತಿರುತ್ತಾರೆ, ಶಾಟ್ ಎಷ್ಟು ಹೊತ್ತು ಇರಬೇಕೋ ಅದಕ್ಕಿಂತ ಹೆಚ್ಚು ಹೊತ್ತು ಇರುತ್ತದೆ. ಮೊದಲ ಸಲ ನೋಡಿದಾಗ ನನಗಿದು ನಾಟಕೀಯ ಅನಿಸಿತ್ತು, ಯಾರು ಹೀಗೆ ನಿಂತುಬಿಡುತ್ತಾರೆ ಎಂದು ಸಿಡಿಮಿಡಿಗೊಂಡಿದ್ದೆ. ಎರಡನೆಯ ಸಲ ಅರ್ಥವಾಯಿತು. ನೋಡುವವರಿಗೆ ಅದು ಅರೆಕ್ಷಣದ ನೋಟ. ನೋಡಿಸಿಕೊಳ್ಳುವವರಿಗೆ ಅದು ಅಷ್ಟು ದೀರ್ಘ. ಪರದೆಯ ಮೇಲಿರುವುದು ನೋಡಿಸಿಕೊಳ್ಳುವವರ ಗಡಿಯಾರ.

ಹಳದಿ ಕುರ್ಚಿಗಳ ದೃಶ್ಯದಲ್ಲಿ ಈ ಗಡಿಯಾರ ತಡೆಯಲಾರದಷ್ಟು ನಿಧಾನವಾಗುತ್ತದೆ. ತೆರೆದ ಬಯಲಿನ ಕೆಫೆ, ಮರಗಳ ಕೆಳಗೆ ಸಾಲುಸಾಲು ಹಳದಿ ಮೇಜು ಕುರ್ಚಿಗಳು. ಅಷ್ಟೂ ಖಾಲಿ. ನಟ್ಟನಡುವೆ ಎಮ್ಮಿ, ಆಲಿ. ದೂರದಲ್ಲಿ ಕೆಫೆಯವರೆಲ್ಲ ಸಾಲಾಗಿ ನಿಂತು ಇವರನ್ನೇ ದಿಟ್ಟಿಸುತ್ತಿದ್ದಾರೆ, ಯಾರೂ ಹತ್ತಿರ ಬರುವುದಿಲ್ಲ. ಹಳದಿ ಸಂತೋಷದ ಬಣ್ಣ, ಬೇಸಿಗೆಯ ಬಣ್ಣ. ಇಲ್ಲಿ ಅದು ಎಷ್ಟು ಖಾಲಿ ಕುರ್ಚಿಗಳಿವೆ ಎಂದು ಎಣಿಸಿ ತೋರಿಸುವ ಬಣ್ಣವಾಗಿದೆ. ಎಮ್ಮಿ ತಡೆದುಕೊಂಡಷ್ಟು ತಡೆದುಕೊಂಡು, ಕೊನೆಗೆ ಕುಸಿದು ಅಳುತ್ತಾಳೆ. ಬ್ರಿಗಿಟ್ಟೆ ಮೀರಾ ಎಂಬ ಹಿರಿಯ ನಟಿಯ ಆ ಅಳು ಸಿನಿಮಾದಲ್ಲಿ ನಾನು ಕಂಡ ಅತ್ಯಂತ ನಿಜವಾದ ಅಳುಗಳಲ್ಲೊಂದು. ಎಲ್ಲಾದರೂ ದೂರ ಹೋಗೋಣ, ಮರಳಿ ಬರುವಷ್ಟರಲ್ಲಿ ಜನ ಬದಲಾಗಿರುತ್ತಾರೆ ಎಂದು ಆಲಿಗೆ ಹೇಳುತ್ತಾಳೆ.

ದೃಷ್ಟಿ ತಾಗುತ್ತದೆ ಎನ್ನುತ್ತೇವೆ ನಾವು. ನೋಟಕ್ಕೆ ತೂಕವಿದೆ, ಅದು ಹೋಗಿ ಮೈಗೆ ಬಡಿಯುತ್ತದೆ ಎಂಬ ನಂಬಿಕೆ ನಮ್ಮ ಮಾತಿನಲ್ಲೇ ಇದೆ. ಎಮ್ಮಿ ಜನರ ವರ್ತನೆಗೆ ಕೊಡುವ ವಿವರಣೆ ಒಂದೇ: ಅವರಿಗೆಲ್ಲ ಹೊಟ್ಟೆಕಿಚ್ಚು. ಆದರೆ ಕಿಚ್ಚು ಅವರ ಹೊಟ್ಟೆಯದಾದರೂ ಸುಡುವುದು ಆಲಿಯ ಹೊಟ್ಟೆಯನ್ನು. ಅವನು ಒಂದು ಬಿರುಸು ಮಾತೂ ಆಡದೆ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡವನು. ಅದರ ಲೆಕ್ಕ ಚಿತ್ರದ ಕೊನೆಯಲ್ಲಿ ಬರುತ್ತದೆ.

ಈ ಶೈಲಿಯನ್ನು ಫಾಸ್‌ಬೈಂಡರ್ ಎಲ್ಲಿಂದ ಪಡೆದ ಎಂಬುದು ಗುಟ್ಟೇನಲ್ಲ, ಅವನೇ ಬರೆದು ಹೇಳಿಕೊಂಡಿದ್ದಾನೆ. 1970ರ ದಶಕದ ಶುರುವಿನಲ್ಲಿ ಅವನು ಡಗ್ಲಸ್ ಸರ್ಕ್ ನಿರ್ದೇಶಿಸಿದ ಹಾಲಿವುಡ್ ಚಿತ್ರಗಳನ್ನು ಒಂದರ ಮೇಲೊಂದು ನೋಡಿ ಬೆರಗಾದ, 1971ರಲ್ಲಿ ಅವುಗಳ ಬಗ್ಗೆ ಒಂದು ಪ್ರಬಂಧವನ್ನೇ ಬರೆದ. ಸರ್ಕ್ ಹ್ಯಾಂಬರ್ಗಿನಲ್ಲಿ ಹುಟ್ಟಿದ ಜರ್ಮನ್, 1937ರಲ್ಲಿ ಯಹೂದಿ ಹೆಂಡತಿಯೊಂದಿಗೆ ನಾಜಿ ಜರ್ಮನಿ ಬಿಟ್ಟು ಹೋದವನು. ಅಮೆರಿಕದಲ್ಲಿ ಕಣ್ಣೀರಿನ ಕೌಟುಂಬಿಕ ಚಿತ್ರಗಳನ್ನು ತೆಗೆಯುತ್ತ, ಹೊಳೆಯುವ ಬಣ್ಣಗಳ ನಡುವೆ ಕಿಟಕಿ ಕನ್ನಡಿಗಳಲ್ಲಿ ಮನುಷ್ಯರನ್ನು ಸೆರೆಯಾಗಿಸಿ ತೋರಿಸಿದವನು. 1955ರ 'ಆಲ್ ದಟ್ ಹೆವೆನ್ ಅಲೌಸ್' ಚಿತ್ರದಲ್ಲಿ ಸಿರಿವಂತ ವಿಧವೆಯೊಬ್ಬಳು ತನಗಿಂತ ಚಿಕ್ಕವನಾದ ತೋಟಗಾರನನ್ನು ಪ್ರೀತಿಸುತ್ತಾಳೆ. ಮಕ್ಕಳು ಅದನ್ನು ತಪ್ಪಿಸಿ, ಬದಲಿಗೆ ಅಮ್ಮನಿಗೆ ಒಂದು ಟಿವಿ ತಂದುಕೊಡುತ್ತಾರೆ. ಆ ಟಿವಿಯ ಆರಿದ ಗಾಜಿನಲ್ಲಿ ಅವಳ ಮುಖ ಕಾಣುತ್ತದೆ, ಪೆಟ್ಟಿಗೆಯೊಳಗಿಟ್ಟ ಮುಖದಂತೆ.

ಫಾಸ್‌ಬೈಂಡರ್ ಆ ಟಿವಿಯನ್ನು ತನ್ನ ಚಿತ್ರಕ್ಕೆ ತಂದು ಬೇರೆಯದೇ ಮಾಡಿದ. ಎಮ್ಮಿ ಮಕ್ಕಳನ್ನೆಲ್ಲ ಕರೆಸಿ ಆಲಿಯನ್ನು ಪರಿಚಯಿಸುತ್ತಾಳೆ. ಕ್ಯಾಮೆರಾ ಒಂದೊಂದೇ ಮುಖದ ಮೇಲೆ ನಿಧಾನವಾಗಿ ಸಾಗುತ್ತದೆ: ಇಬ್ಬರು ಗಂಡುಮಕ್ಕಳು, ಮಗಳು, ಅಳಿಯ. ಒಬ್ಬರ ಬಾಯಲ್ಲೂ ಮಾತಿಲ್ಲ. ಆಮೇಲೆ ಮಗನೊಬ್ಬ ಎದ್ದು, ಅಮ್ಮನ ಟಿವಿಯ ಬಳಿ ಹೋಗಿ, ಕಾಲಿನಿಂದ ಒದ್ದು ಗಾಜು ಪುಡಿಮಾಡುತ್ತಾನೆ. ಅಲ್ಲಿ ಮಕ್ಕಳು ಕೊಟ್ಟ ಟಿವಿ, ಇಲ್ಲಿ ಮಗ ಒದ್ದ ಟಿವಿ. ಸದಾ ಬಿಯರ್ ಹೀರುತ್ತ ಹೆಂಡತಿಯ ಮೇಲೆ ದರ್ಬಾರು ಮಾಡುವ, ವಿದೇಶಿ ಕಾರ್ಮಿಕರೆಂದರೆ ಹಂದಿಗಳೆನ್ನುವ ಆ ಸೋಮಾರಿ ಅಳಿಯನ ಪಾತ್ರ ಮಾಡಿದವನು ಸ್ವತಃ ಫಾಸ್‌ಬೈಂಡರ್. ನನಗೆ ಈ ಆಯ್ಕೆ ಬಹಳ ಮುಖ್ಯ ಅನಿಸುತ್ತದೆ. ದಿಟ್ಟಿಸುವವರ ಸಾಲಿನಲ್ಲಿ ಅವನು ತನಗೂ ಒಂದು ಕುರ್ಚಿ ಹಾಕಿಕೊಂಡ.

ಇಷ್ಟಕ್ಕೇ ನಿಂತಿದ್ದರೆ ಒಳ್ಳೆಯ ಇಬ್ಬರು, ಕೆಟ್ಟ ಊರು ಎಂಬ ಚಿತ್ರವಾಗುತ್ತಿತ್ತು. ಜೋಡಿ ಪ್ರವಾಸ ಮುಗಿಸಿ ಮರಳಿದ ಮೇಲೆ ಜನ ನಿಜಕ್ಕೂ ಬದಲಾಗಿರುತ್ತಾರೆ. ಅಂಗಡಿಯವನಿಗೆ ಕಾಯಂ ಗಿರಾಕಿ ಬೇಕು. ನೆರೆಯವಳಿಗೆ ಸಾಮಾನು ಇಡಲು ಎಮ್ಮಿಯ ನೆಲಮಾಳಿಗೆ ಬೇಕು, ಹೊರುವುದಕ್ಕೆ ಆಲಿಯ ತೋಳು ಬೇಕು. ಟಿವಿ ಒದ್ದ ಮಗನಿಗೆ ಮಗುವನ್ನು ನೋಡಿಕೊಳ್ಳಲು ಅಮ್ಮ ಬೇಕು, ಒಡೆದದ್ದಕ್ಕೆ ಚೆಕ್ ಕಳಿಸುತ್ತಾನೆ. ಎಲ್ಲರ ಮುಖದಲ್ಲೂ ನಗು. ಹೊರಗಿನ ಒತ್ತಡ ಸಡಿಲವಾದ ಕೂಡಲೇ ಒಳಗೆ ಬಿರುಕು ಕಾಣತೊಡಗುತ್ತದೆ. ಆಲಿ ತನ್ನೂರಿನ ಕುಸ್‌ಕುಸ್ ಬೇಕೆನ್ನುತ್ತಾನೆ. ತನಗೆ ಅದು ಬರುವುದಿಲ್ಲ, ಇಲ್ಲಿಯ ಊಟ ಅಭ್ಯಾಸ ಮಾಡಿಕೋ ಎನ್ನುತ್ತಾಳೆ ಎಮ್ಮಿ. ಗೆಳತಿಯರು ಮನೆಗೆ ಬಂದಾಗ ಅವನನ್ನು ನಿಲ್ಲಿಸಿ ತೋಳಿನ ಕಸುವು ತೋರಿಸುತ್ತಾಳೆ. ಅವರು ಸುತ್ತ ನಿಂತು ಮುಟ್ಟಿ ನೋಡುತ್ತಾರೆ, ಜಾತ್ರೆಯಲ್ಲಿ ಎತ್ತಿನ ಮೈ ತಟ್ಟಿದಂತೆ. ಕೆಫೆಯಲ್ಲಿ ಯಾವ ನೋಟಕ್ಕೆ ಅತ್ತಿದ್ದಳೋ ಆ ನೋಟ ಈಗ ಅವಳ ಕಣ್ಣಿನಲ್ಲಿದೆ. ಆಲಿ ಸುಮ್ಮನೆ ಎದ್ದು ಹೋಗುತ್ತಾನೆ.

ಚಿತ್ರದ ಎದೆಯೆಂದು ನಾನು ತಿಳಿದಿರುವ ಎರಡು ಶಾಟ್‌ಗಳನ್ನು ಇಲ್ಲಿಯತನಕ ಉಳಿಸಿಕೊಂಡಿದ್ದೆ. ಎಮ್ಮಿಯೂ ಜೊತೆಯ ಕೆಲಸದವರೂ ಮಧ್ಯಾಹ್ನದ ಬುತ್ತಿ ಬಿಚ್ಚುವುದು ಕಟ್ಟಡದ ಮೆಟ್ಟಿಲುಗಳ ಮೇಲೆ. ಅವಳ ಮದುವೆಯ ಸುದ್ದಿ ತಿಳಿದ ದಿನ ಉಳಿದವರು ಅವಳನ್ನು ಬಿಟ್ಟು ಬೇರೆ ಮೆಟ್ಟಿಲಿಗೆ ಸರಿದು ಕೂರುತ್ತಾರೆ. ಮೆಟ್ಟಿಲಿನ ಕಂಬಿಗಳ ಸಂದಿಯಿಂದ ಕ್ಯಾಮೆರಾ ಎಮ್ಮಿಯನ್ನು ನೋಡುತ್ತದೆ. ಕೈಯಲ್ಲಿ ಬ್ರೆಡ್ಡು, ಮುಖದ ಎರಡೂ ಬದಿಗೆ ಕಬ್ಬಿಣದ ಸರಳು. ಚಿತ್ರದ ದ್ವಿತೀಯಾರ್ಧದಲ್ಲಿ ಯುಗೊಸ್ಲಾವಿಯಾದ ಯೋಲಾಂಡಾ ಎಂಬ ಹೊಸ ಹುಡುಗಿ ಕೆಲಸಕ್ಕೆ ಸೇರುತ್ತಾಳೆ, ಸಂಬಳ ಉಳಿದವರಿಗಿಂತ ಕಡಿಮೆ. ಅದೇ ಮೆಟ್ಟಿಲು, ಅದೇ ಹೊತ್ತು. ಹೆಂಗಸರು ಸಂಬಳ ಹೆಚ್ಚಳದ ಮಾತಾಡಲು ಒಂದೆಡೆ ಗುಂಪಾಗುತ್ತಾರೆ, ಈ ಸಲ ಎಮ್ಮಿ ಅವರೊಳಗೊಬ್ಬಳು. ಯೋಲಾಂಡಾ ಒಬ್ಬಳೇ. ಕ್ಯಾಮೆರಾ ಅದೇ ಕಂಬಿಗಳ ಸಂದಿಗೆ ಹೋಗಿ ನಿಲ್ಲುತ್ತದೆ.

ಫಾಸ್‌ಬೈಂಡರ್ ಒಂದು ಮಾತೂ ಸೇರಿಸುವುದಿಲ್ಲ. ಎಮ್ಮಿಗೆ ತಾನು ಮಾಡುತ್ತಿರುವುದು ಗೊತ್ತಾಯಿತೋ ಇಲ್ಲವೋ ಎಂದು ತೋರಿಸುವ ಕ್ಲೋಸಪ್ಪೂ ಇಲ್ಲ. ಚೌಕಟ್ಟು ಮೊದಲಿನದೇ, ಒಳಗೆ ಕೂತ ಮನುಷ್ಯರು ಮಾತ್ರ ಬೇರೆ. ಹೊರಗಿನವರು ಎಂಬುದು ಒಂದು ಜನಾಂಗದ ಹೆಸರಲ್ಲ, ಸದಾ ಯಾರನ್ನಾದರೂ ಕೂರಿಸಲೇಬೇಕಾದ ಒಂದು ಜಾಗ ಎಂದು ಇಷ್ಟು ನಿಚ್ಚಳವಾಗಿ ಹೇಳಿದ ಇನ್ನೊಂದು ಶಾಟ್ ನನಗೆ ನೆನಪಾಗುವುದಿಲ್ಲ. ಮೊದಲ ದೃಶ್ಯದ ಬಾರಿನಲ್ಲಿ ಎಮ್ಮಿಯನ್ನು ದಿಟ್ಟಿಸಿದವರೂ ಹೊರಗಿನವರೇ ಆಗಿದ್ದರು ಎಂಬುದು ಇಲ್ಲಿಗೆ ಬಂದಾಗ ಮತ್ತೆ ನೆನಪಾಗುತ್ತದೆ.

ಆಲಿಯಾಗಿ ನಟಿಸಿದ ಎಲ್ ಹೆದಿ ಬೆನ್ ಸಾಲೆಮ್ ಮೊರಾಕ್ಕೊದಿಂದಲೇ ಬಂದವನು, ಆ ದಿನಗಳಲ್ಲಿ ಫಾಸ್‌ಬೈಂಡರ್‌ನ ಸಂಗಾತಿ. ತೆರೆಯ ಮೇಲೆ ಅವನು ಹೆಚ್ಚು ಮಾತಾಡುವುದಿಲ್ಲ, ಹೆಚ್ಚು ನಟಿಸುವುದೂ ಇಲ್ಲ. ಸುಮ್ಮನೆ ನಿಲ್ಲುತ್ತಾನೆ, ಆ ನಿಲುವಿನಲ್ಲೇ ಒಂದು ಘನತೆ ಇದೆ. ಚಿತ್ರ 1974ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಅಂತರರಾಷ್ಟ್ರೀಯ ವಿಮರ್ಶಕರ ಪ್ರಶಸ್ತಿ ಪಡೆಯಿತು, ಫಾಸ್‌ಬೈಂಡರ್ ಜಗತ್ತಿಗೆ ಪರಿಚಿತನಾದ. ಬೆನ್ ಸಾಲೆಮ್‌ನ ದಾರಿ ಬೇರೆಯಾಯಿತು. ಇಬ್ಬರೂ ದೂರವಾದ ಮೇಲೆ 1977ರಲ್ಲಿ ಅವನು ಫ್ರಾನ್ಸಿನ ಸೆರೆಮನೆಯೊಂದರಲ್ಲಿ ತೀರಿಕೊಂಡ. 1982ರಲ್ಲಿ, ತನ್ನ ಮೂವತ್ತೇಳನೆಯ ವಯಸ್ಸಿನಲ್ಲಿ ಸಾಯುವ ಮುನ್ನ ಮುಗಿಸಿದ ಕೊನೆಯ ಚಿತ್ರ 'ಕ್ವೆರೆಲ್' ಅನ್ನು ಫಾಸ್‌ಬೈಂಡರ್ ಅವನಿಗೆ ಅರ್ಪಿಸಿದ. ಒಂದು ದೇಶದ ಹೊರಗಿನವರ ಕತೆಗೆ ಮುಖ ಕೊಟ್ಟವನು ಇನ್ನೊಂದು ದೇಶದ ಜೈಲಿನಲ್ಲಿ ಸತ್ತದ್ದನ್ನು ತಿಳಿದ ಮೇಲೆ ಆ ಹಳದಿ ಕುರ್ಚಿಗಳ ದೃಶ್ಯವನ್ನು ಮೊದಲಿನಂತೆ ನೋಡಲು ನನ್ನಿಂದ ಆಗಿಲ್ಲ.

ಚಿತ್ರದ ಕೊನೆಗೆ ಎಮ್ಮಿ ಮತ್ತೆ ಆ ಬಾರಿಗೆ ಹೋಗುತ್ತಾಳೆ. ಆಲಿ ಅಲ್ಲಿದ್ದಾನೆ, ಸಂಬಳವನ್ನೆಲ್ಲ ಇಸ್ಪೀಟಿನಲ್ಲಿ ಕಳೆಯುತ್ತಿದ್ದಾನೆ. ಮೊದಲ ದಿನದ ಅದೇ ಹಾಡನ್ನು ಎಮ್ಮಿ ಹಾಕಿಸುತ್ತಾಳೆ. ಅವನು ಎದ್ದು ಬಂದು ಕುಣಿಯಲು ಕೈ ಚಾಚುತ್ತಾನೆ. ಕುಣಿಯುತ್ತ ಕುಣಿಯುತ್ತ ಅವಳು, ನಾನು ಮುದುಕಿ ಎಂಬುದು ನನಗೆ ಗೊತ್ತು, ಆದರೆ ಜೊತೆಯಲ್ಲಿದ್ದಾಗ ಒಬ್ಬರಿಗೊಬ್ಬರು ಒಳ್ಳೆಯವರಾಗಿರಬೇಕು ಎನ್ನುತ್ತಾಳೆ. ಆಲಿ ಇದ್ದಕ್ಕಿದ್ದಂತೆ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಬೀಳುತ್ತಾನೆ.

ಆಸ್ಪತ್ರೆಯಲ್ಲಿ ಡಾಕ್ಟರು ಎಮ್ಮಿಗೆ ವಿವರಿಸುತ್ತಾರೆ. ಹೊಟ್ಟೆಯ ಹುಣ್ಣು ಒಡೆದಿದೆ. ವಿದೇಶಿ ಕಾರ್ಮಿಕರಲ್ಲಿ ಇದು ಬಹಳ ಸಾಮಾನ್ಯ, ಅವರ ಬದುಕಿನ ಒತ್ತಡ ಅಂಥದ್ದು. ಆಪರೇಷನ್ ಮಾಡಬಹುದು, ಆದರೆ ಆರು ತಿಂಗಳಿಗೆ ಮತ್ತೆ ಬಂದು ಮಲಗುತ್ತಾನೆ. ಹಾಗಾಗದಂತೆ ನಾನು ನೋಡಿಕೊಳ್ಳುತ್ತೇನೆ ಎನ್ನುತ್ತಾಳೆ ಎಮ್ಮಿ. ಡಾಕ್ಟರು ಒಳ್ಳೆಯದಾಗಲಿ ಎಂದು ಹೇಳಿ ಹೊರಡುತ್ತಾರೆ. ಅವಳು ಹಾಸಿಗೆಯ ಪಕ್ಕ ಕೂತು ಅವನ ಕೈಯನ್ನು ಹಿಡಿದುಕೊಳ್ಳುತ್ತಾಳೆ.